ಕೂತಲ್ಲೇ ಹನ್ನೆರಡು ಸಾವಿರ ಕಿಲೋಮೀಟರ್

ಮಾರ್ಚ್ 3, ಸೋಮವಾರ

ಅವಳ ಅಪ್ಪನ ವೀಸಾ ಬಂತು. ಏಪ್ರಿಲ್ ಇಪ್ಪತ್ತರೊಳಗೆ ಅಲ್ಲಿ ಕಾಲಿಡಬೇಕಂತೆ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಅರ್ಜಿ. ಹೆಂಡತಿ ಫೋನಿನಲ್ಲಿ ಇದನ್ನು ಎರಡು ಸಲ ಹೇಳಿದಳು, ಒಂದು ಸಲ ನನಗೆ, ಇನ್ನೊಂದು ಸಲ ಅವಳ ಅಪ್ಪನಿಗೆ. ಅವರಿಗೆ ಎಡಗಿವಿ ಮಂದ. ಫೋನನ್ನು ಯಾವಾಗಲೂ ಅದೇ ಕಿವಿಗೆ ಹಿಡಿಯುತ್ತಾರೆ. ಸರಿಯಮ್ಮ ಸರಿಯಮ್ಮ ಎಂದು ಇಟ್ಟುಬಿಟ್ಟು, ಏನಂದಳು ಎಂದು ನನ್ನನ್ನು ಕೇಳಿದರು.

ಟಿಕೆಟ್ ನಾನು ತೆಗೆಯಬೇಕು. ದಿನ ನಾನೇ ನೋಡಬೇಕು. ಅಷ್ಟೇ ಕೆಲಸ. ಅವರು ಹೋದ ಮೇಲೆ ಆ ಕೋಣೆಯಲ್ಲಿ ಪುಸ್ತಕದ ಕಪಾಟು ಇಡಬಹುದು. ಮನೆಯಲ್ಲಿ ಗಾಳಿಯೂ ಚೆನ್ನಾಗಿ ಆಡುತ್ತದೆ.

ಅವಳು ಆ ಊರಿಗೆ ಹೋಗಿ ಮೂರು ವರ್ಷ. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಆರು ತಿಂಗಳಲ್ಲಿ ನಾನೂ ಹೋಗುವುದು ಎಂದಿತ್ತು. ಆರು ತಿಂಗಳಾದ ಮೇಲೆ ಆ ಮಾತು ಎತ್ತುವುದು ಇಬ್ಬರಿಗೂ ಮುಜುಗರ ಅನ್ನಿಸಿ ಬಿಟ್ಟೆವು. ಜಗಳವೇನೂ ಆಗಲಿಲ್ಲ. ಅವಳು ಹೋದಳು, ಅವಳ ಅಪ್ಪ ನನ್ನ ಪಾಲಿಗೆ ಉಳಿದರು. ದೊಡ್ಡ ಸಾಮಾನುಗಳನ್ನು ಆಮೇಲೆ ಕಳಿಸಿಕೊಡುವುದು ರೂಢಿ.

ಮಾರ್ಚ್ 4, ಮಂಗಳವಾರ

ನಮ್ಮ ಆಫೀಸಿನಲ್ಲಿ ಏನು ಕೆಲಸ ಎಂದು ಹೇಳಿದರೆ ಜನ ತಮಾಷೆ ಎಂದುಕೊಳ್ಳುತ್ತಾರೆ. ಯಾವುದೋ ಖಂಡದ ಒಂದು ಊರು, ಇನ್ಯಾವುದೋ ಖಂಡದ ಇನ್ನೊಂದು ಊರು. ಎರಡರ ನಡುವೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು, ಇದನ್ನು ಜೋಡಿಗೊಂದು ಪುಟದಂತೆ ಬರೆದು ಅಂತರ್ಜಾಲಕ್ಕೆ ಏರಿಸುತ್ತೇವೆ. ದೂರವನ್ನು ಕಂಪ್ಯೂಟರ್ ಹೇಳುತ್ತದೆ, ಭೂಮಿಯ ಮೇಲೆ ದಾರ ಎಳೆದು ಹಿಡಿದ ಹಾಗೆ. ಅದನ್ನು ವಿಮಾನದ ವೇಗದಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಕೂಡಿಸಿ, ಮೇಲೆ ನಾಲ್ಕು ಸಾಲು, ಕೆಳಗೆ ನಾಲ್ಕು ಸಾಲು ಬರೆಯುವವನು ನಾನು. ಆ ಎರಡು ಊರುಗಳ ನಡುವೆ ವಿಮಾನ ಇದೆಯೋ ಇಲ್ಲವೋ ಎಂಬುದು ನಮ್ಮ ವಿಭಾಗಕ್ಕೆ ಬರುವುದಿಲ್ಲ.

ಇವತ್ತು ನಮ್ಮ ಊರನ್ನೂ ಅವಳ ಊರನ್ನೂ ಹಾಕಿ ನೋಡಿದೆ. ಪುಟ ಆಗಲೇ ಇತ್ತು. ಬರೆದವನು ನಾನೇ, ಮೂರು ವರ್ಷದ ಹಿಂದೆ. ಬರೆದದ್ದು ನೆನಪಿರಲಿಲ್ಲ, ಅಂಕೆ ಮಾತ್ರ ಬಾಯಿಪಾಠವಾಗಿತ್ತು. ಹನ್ನೆರಡು ಸಾವಿರ ಕಿಲೋಮೀಟರ್, ಹದಿನಾಲ್ಕು ಗಂಟೆ. ಕೊನೆಯ ಸಾಲು: ‘ಪ್ರಯಾಣಕ್ಕೆ ಸಡಿಲವಾದ ಉಡುಪು ಧರಿಸಿ.’

ಸಂಜೆ ಅವಳ ಅಪ್ಪನಿಗೆ ಹದಿನಾಲ್ಕು ಗಂಟೆ ಎಂದೆ. ಓಡುವ ಹೊತ್ತೋ, ನಿಲ್ಲುವುದೂ ಸೇರಿಯೋ ಎಂದು ಕೇಳಿದರು. ಅವರು ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವಾಗ ಹೊರಡಬೇಕು ಎಂದು ಇಡೀ ಆಯುಷ್ಯ ಸೀಟಿ ಊದಿದವರು. ವಿಮಾನ ನಡುವೆ ನಿಲ್ಲುವುದಿಲ್ಲ ಎಂದೆ.

ಮಾರ್ಚ್ 6, ಗುರುವಾರ

ನಿಲ್ಲುತ್ತದೆ. ಟಿಕೆಟ್ ತೆಗೆಯಲು ಕೂತಾಗ ಗೊತ್ತಾಯಿತು. ನೇರ ವಿಮಾನವೇ ಇಲ್ಲ. ನಡುವೆ ಒಂದು ಊರಿನಲ್ಲಿ ಇಳಿದು, ಕಾದು, ಬೇರೆ ವಿಮಾನ ಹತ್ತಬೇಕು. ಒಟ್ಟು ಇಪ್ಪತ್ತಮೂರು ಗಂಟೆ. ಅವಳು ಹೋದಾಗ ಟಿಕೆಟ್ ಆಸ್ಪತ್ರೆಯವರೇ ತೆಗೆದಿದ್ದರು, ದಾರಿ ಹೇಗಿತ್ತು ಎಂದು ನಾನು ಕೇಳಿರಲಿಲ್ಲ. ಮೂರು ವರ್ಷದಿಂದ ಕೇಳಿದವರಿಗೆಲ್ಲ ಹದಿನಾಲ್ಕು ಎಂದು ಹೇಳಿಕೊಂಡು ಬಂದಿದ್ದೇನೆ.

ಅವಳ ಅಪ್ಪ ಬೈಯಲಿಲ್ಲ. ನೀವು ಓಡಿಸಿ ನೋಡಿರಲಿಲ್ಲ ಅನ್ನಿ ಎಂದರು, ಅಷ್ಟೇ. ಆಮೇಲೆ ಡಿಪೋದ ಪದ್ಧತಿ ವಿವರಿಸಿದರು. ಹೊಸ ಮಾರ್ಗ ಶುರು ಮಾಡುವ ಮೊದಲು ಖಾಲಿ ಬಸ್ಸನ್ನು ಆ ದಾರಿಯಲ್ಲಿ ಪೂರ್ತಿ ಓಡಿಸುತ್ತಿದ್ದರಂತೆ. ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಜನ ಹತ್ತಲು ಹಿಡಿಯುವಷ್ಟು ಹೊತ್ತು ಕಾದು ಹೊರಡುವುದು. ಒಂದು ನರಪಿಳ್ಳೆ ಇಲ್ಲದಿದ್ದರೂ ಕಂಡಕ್ಟರ್ ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಕೂಗಲೇಬೇಕಿತ್ತಂತೆ.

“ಟ್ರಯಲ್ ಆಗದೆ ನಾನು ಹತ್ತೋದಿಲ್ಲ, ಅಳಿಯಂದಿರೇ.”

ಎಲ್ಲಿ ಮಾಡುವುದು ಎಂದು ಕೇಳಿದೆ. ನಡುಮನೆಯ ಕಡೆ ನೋಡಿದರು.

ಮಾರ್ಚ್ 9, ಭಾನುವಾರ

ಮೊದಲ ಟ್ರಯಲ್. ಎರಡು ಊಟದ ಕುರ್ಚಿಗಳನ್ನು ಅಂಟಿಸಿ, ಮುಂದೆ ಸೋಫಾದ ಬೆನ್ನು ಬರುವ ಹಾಗೆ ಇಟ್ಟೆವು. ಮೊಣಕಾಲಿಗೂ ಸೋಫಾಕ್ಕೂ ನಡುವೆ ಎಷ್ಟು ಜಾಗ ಇರಬೇಕೆಂದು ಹುಡುಕಿ ನೋಡಿ ಒಂದು ಗೇಣು ಬಿಟ್ಟೆ. ಕಿಟಕಿ ಪಕ್ಕ ಅವರು. ಇಬ್ಬರ ಸೊಂಟಕ್ಕೂ ಸುತ್ತಿ ಬರುವ ಹಾಗೆ ನನ್ನ ಎರಡು ಬೆಲ್ಟುಗಳನ್ನು ಜೋಡಿಸಿ ಕಟ್ಟಿದೆ. ಟಿಕೆಟ್ ನೋಡಲು ಯಾರು ಬರುತ್ತಾರೆ ಎಂದರು. ಹತ್ತುವ ಮೊದಲೇ ನೋಡಿರುತ್ತಾರೆ ಎಂದೆ. ಹಾಗಾದರೆ ನಡುವೆ ಹತ್ತಿದವರ ಗತಿ ಎಂದರು. ನಡುವೆ ಯಾರೂ ಹತ್ತುವುದಿಲ್ಲ ಎಂದು ಮನವರಿಕೆ ಮಾಡಿಕೊಡಲು ಸ್ವಲ್ಪ ಹೊತ್ತು ಹಿಡಿಯಿತು.

ಹೊರಟು ಸ್ವಲ್ಪ ಹೊತ್ತಿಗೆ ಮೇಲಿನ ಮನೆಯಾಕೆ ನೀರಿನ ಪಂಪಿನ ವಿಷಯಕ್ಕೆ ಬಂದಳು. ಬಾಗಿಲು ತೆರೆದೇ ಇತ್ತು. ಇಬ್ಬರು ಗಂಡಸರು ಬೆಲ್ಟು ಕಟ್ಟಿಕೊಂಡು ಸೋಫಾದ ಬೆನ್ನು ನೋಡುತ್ತ ಕೂತಿರುವುದನ್ನು ಕಂಡು ನಿಂತಳು. ಎಲ್ಲಿಗೆ ಎಂದು ಕೇಳಿದಳು. ಮಗಳ ಊರಿಗೆ ಎಂದರು ಇವರು. ಪಂಪಿನ ಮಾತು ಎತ್ತದೆ ಹೋದಳು. ಸಂಜೆ ಮೇಲಿನ ಮನೆಯಿಂದ ಒಂದು ಡಜನ್ ಬಾಳೆಹಣ್ಣು ಬಂತು, ದಾರಿಗೆ ಇರಲಿ ಎಂದು.

ಎರಡು ಗಂಟೆಯಾದ ಮೇಲೆ ಅವರು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಏಳುವಂತಿರಲಿಲ್ಲ. ವಿಮಾನದಲ್ಲೂ ಹಾಗೆಯೇ ಅಲ್ಲವೇ ಎಂದು ಕೂತೆ. ತಲೆ ಭಾರ ಇರುತ್ತದೆ. ಟಿಕೆಟ್ ಇನ್ನೂ ತೆಗೆದಿಲ್ಲ. ಟ್ರಯಲ್ ಮುಗಿಯಲಿ.

ಮಾರ್ಚ್ 12, ಬುಧವಾರ

ಆಫೀಸಿನಲ್ಲಿ ಆ ಪುಟಕ್ಕೆ ಒಂದು ಸಾಲು ಸೇರಿಸಿದೆ: ‘ನೇರ ವಿಮಾನ ಇಲ್ಲ.’ ಮಧ್ಯಾಹ್ನದೊಳಗೆ ಯಾರೋ ಅಳಿಸಿದ್ದರು. ಓದುವವರ ಉತ್ಸಾಹ ಕುಗ್ಗಿಸಬಾರದು ಎಂದು ಮೇಲಿನವರ ಸೂಚನೆ.

ಪಕ್ಕದ ಮೇಜಿನಾಕೆ ಊರು ಊರುಗಳ ಗಡಿಯಾರದ ವ್ಯತ್ಯಾಸ ನೋಡಿಕೊಳ್ಳುವವಳು. ಹೆಂಡತಿಯ ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ಇವಳು ನನಗೆ ಕೇಳದೆಯೇ ಹೇಳುತ್ತಾಳೆ. ನಿಮ್ಮ ಮನೆಯವರು ಈಗ ಏಳೋ ಹೊತ್ತು, ನಿಮ್ಮ ಮನೆಯವರು ಈಗ ಕೆಲಸಕ್ಕೆ ಹೊರಡೋ ಹೊತ್ತು. ಕೇಳಿಸಿಕೊಳ್ಳುತ್ತೇನೆ. ಕೆಲಸಕ್ಕೆ ತೊಂದರೆಯಿಲ್ಲ.

ಮಾರ್ಚ್ 16, ಭಾನುವಾರ

ಎರಡನೆಯ ಟ್ರಯಲ್. ಈ ಸಲ ನಡುವಿನ ಊರನ್ನೂ ಸೇರಿಸಿದೆವು. ಮೆಟ್ಟಿಲ ತಿರುವಿನಲ್ಲಿ ಎರಡು ಕುರ್ಚಿ ಹಾಕಿ ಅದನ್ನೇ ಆ ಊರು ಎಂದು ಗೊತ್ತುಮಾಡಿದೆ. ಚೀಲ ಮಡಿಲಲ್ಲಿ ಇಟ್ಟುಕೊಂಡು ಕಾದೆವು. ಹತ್ತಿ ಇಳಿಯುವವರಿಗೆಲ್ಲ ಮಾವ ದಾರಿ ಬಿಟ್ಟುಕೊಟ್ಟು, ಯಾವ ಊರು ಎಂದು ವಿಚಾರಿಸಿದರು. ಎಲ್ಲರೂ ಇದೇ ಕಟ್ಟಡದವರು.

ಕಾಯುತ್ತ ಕೂತಾಗ ಹಳೆಯ ಮಾತು ಬಂತು. ಒಮ್ಮೆ ಮಂಜು ಕವಿದ ಬೆಳಿಗ್ಗೆ ಇಡೀ ಡಿಪೋದ ಬಸ್ಸುಗಳನ್ನು ಇವರು ಹೊರಡಲು ಬಿಟ್ಟಿರಲಿಲ್ಲವಂತೆ. ಮೇಲಿನವರು ಕೂಗಾಡಿದರಂತೆ. ಮಂಜು ಕರಗಿದ ಮೇಲೆ ನೋಡಿದರೆ ದಾರಿಯಲ್ಲಿ ಏನೂ ಇರಲಿಲ್ಲ, ಬಸ್ಸು ಆರಾಮವಾಗಿ ಹೋಗಬಹುದಿತ್ತು. ಹಾಗಾದರೆ ನಿಲ್ಲಿಸಿದ್ದು ತಪ್ಪಲ್ಲವೇ ಎಂದೆ. ತಪ್ಪೇ ಎಂದರು. ಅದನ್ನು ಹೇಳಿ ತುಂಬ ಹೊತ್ತು ನಕ್ಕರು. ಈ ಮನುಷ್ಯ ನಗುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೆಳಗಿನ ಸಾಲಿನಲ್ಲಿ ಎರಡು ಹಲ್ಲಿಲ್ಲ.

ಇಳಿದ ಮೇಲೆ ಅಲ್ಲಿನ ಅಧಿಕಾರಿ ಕೇಳುವ ಪ್ರಶ್ನೆಗಳ ಅಭ್ಯಾಸ. ಅಧಿಕಾರಿ ನಾನು. ಊಟದ ಮೇಜಿನ ಹಿಂದೆ ನಿಂತು ಯಾಕೆ ಬಂದಿರಿ ಎಂದು ಕೇಳಿದೆ. ಮಗಳು ಕರೆದಳು ಎಂದರು. ಎಷ್ಟು ದಿನ ಇರುತ್ತೀರಿ? ಅದನ್ನು ಅವಳನ್ನೇ ಕೇಳಿ ಎಂದರು. ನಿಮ್ಮ ಊರಿನಲ್ಲಿ ನಿಮ್ಮವರು ಅಂತ ಯಾರಿದ್ದಾರೆ?

“ಇದ್ದೀರಲ್ಲ, ನೀವು.”

ಅಧಿಕಾರಿಗೆ ಹೀಗೆಲ್ಲ ಉತ್ತರ ಕೊಡಬಾರದು ಎಂದೆ. ಫೇಲು. ಮುಂದಿನ ವಾರ ಮತ್ತೆ.

ಮಾರ್ಚ್ 18, ಮಂಗಳವಾರ

ಏನಿಲ್ಲ. ಮಾವನಿಗೆ ನೆಗಡಿ.

ಮಾರ್ಚ್ 19, ಬುಧವಾರ

ನೆಗಡಿಯಿದ್ದಾಗ ವಿಮಾನದಲ್ಲಿ ಕಿವಿ ನೋಯುತ್ತದೆ ಎಂದು ಓದಿದೆ. ಅವರಿಗಂತೂ ಇರುವುದೇ ಒಂದು ಕಿವಿ. ಕೂಡಲೇ ಅವಳಿಗೆ ಫೋನ್ ಮಾಡಿ ತಿಳಿಸಿದೆ. ಹಾಗಾದರೆ ಒಂದು ವಾರ ಬಿಟ್ಟು ನೋಡಿ ಎಂದಳು.

ಮಾರ್ಚ್ 21, ಶುಕ್ರವಾರ

ನೆಗಡಿ ಪೂರ್ತಿ ಹೋಗಿದೆ. ಅವಳಿಗೆ ತಿಳಿಸುವುದು ಮರೆತೆ.

ಮಾರ್ಚ್ 23, ಭಾನುವಾರ

ಮೂರನೆಯ ಟ್ರಯಲ್. ಊಟ ಕೊಡುವ ಭಾಗ ಸರಿಬರಲಿಲ್ಲ. ಅಗಲ ಕಡಿಮೆಯ ತಟ್ಟೆಯಲ್ಲಿ, ಮೊಣಕೈ ಎತ್ತದೆ ತಿನ್ನಬೇಕು. ಮಾವ ಮೊಣಕೈ ಎತ್ತಿದರು, ಸಾರು ನನ್ನ ಮೇಲೆ ಬಿತ್ತು. ಬೇರೆ ಪ್ರಯಾಣಿಕರಾಗಿದ್ದರೆ ಗಲಾಟೆಯಾಗುತ್ತಿತ್ತು ಎಂದೆ. ಬೇರೆಯವರ ಪಕ್ಕ ನಾನು ಮೊಣಕೈ ಎತ್ತುತ್ತಿರಲಿಲ್ಲ ಎಂದರು.

ಅಧಿಕಾರಿಯ ಪ್ರಶ್ನೆಗೆ ಎಲ್ಲ ಸರಿಯಾಗಿ ಉತ್ತರಿಸಿದರು. ನಿಮ್ಮ ಊರಿನಲ್ಲಿ ಯಾರಿದ್ದಾರೆ ಎಂಬುದನ್ನು ನಾನು ಈ ಸಲ ಕೇಳಲಿಲ್ಲ.

ಅಂಗಿ ನೆನೆಹಾಕಿದ್ದೇನೆ.

ಮಾರ್ಚ್ 27, ಗುರುವಾರ

ಟಿಕೆಟ್ ಆಯಿತೇ ಎಂದು ಪಕ್ಕದ ಮೇಜಿನಾಕೆ ಕೇಳಿದಳು. ಇನ್ನೂ ಪೂರ್ತಿ ಅವಧಿಯ ಟ್ರಯಲ್ ಬಾಕಿ ಇದೆ ಎಂದೆ. ಚಂದ್ರನ ಮೇಲೆ ಹೋದವರೂ ಇಷ್ಟು ಅಭ್ಯಾಸ ಮಾಡಿರಲಿಕ್ಕಿಲ್ಲ ಎಂದಳು. ಚಂದ್ರನ ದಾರಿಯಲ್ಲಿ ನಡುವೆ ವಿಮಾನ ಬದಲಿಸಬೇಕಾಗಿರಲಿಲ್ಲ ಎಂದೆ. ನೀವು ಮನೆಯಲ್ಲೂ ಹೀಗೇ ಮಾತಾಡ್ತೀರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಂಪ್ಯೂಟರ್ ಕಡೆ ತಿರುಗಿದಳು.

ಈಚೆಗೆ ಆಫೀಸಿನಿಂದ ಬೇಗ ಹೊರಡುತ್ತಿದ್ದೇನೆ. ಟ್ರಯಲ್ ಇಲ್ಲದ ದಿನವೂ ಸಂಜೆ ಆ ಕುರ್ಚಿಗಳಲ್ಲೇ ಕೂತು ಚಹಾ ಕುಡಿಯುವುದು ಅಭ್ಯಾಸವಾಗಿದೆ. ಕುರ್ಚಿಗಳನ್ನು ಊಟದ ಮೇಜಿಗೆ ವಾಪಸು ಒಯ್ಯುವುದು, ಮತ್ತೆ ತರುವುದು ಸುಮ್ಮನೆ ಶ್ರಮ. ಅದಕ್ಕೇ.

ಏಪ್ರಿಲ್ 1, ಮಂಗಳವಾರ

ಅವಳ ಫೋನ್. ಟಿಕೆಟ್ ಎಲ್ಲಿಗೆ ಬಂತು ಎಂದಳು. ತಯಾರಿ ನಡೆಯುತ್ತಿದೆ ಎಂದೆ. ಬಟ್ಟೆ ತುಂಬಲು ಒಂದು ತಿಂಗಳು ಬೇಕೇ ಎಂದಳು. ಟ್ರಯಲ್ ವಿಷಯ ಹೇಳಿದೆ.

“ನಿಜ ಹೇಳಿ. ಅಪ್ಪ ಬರೋಕೆ ಒಪ್ತಿಲ್ವಾ?”

ಅವರು ಒಪ್ಪಿದ್ದಾರೆ ಎಂದೆ.

“ಮತ್ತೆ ಯಾರು ಒಪ್ತಿಲ್ಲ?”

ಲೈನ್ ಸರಿಯಿಲ್ಲ, ಆಮೇಲೆ ಮಾಡುತ್ತೇನೆ ಎಂದು ಇಟ್ಟೆ. ಲೈನ್ ಸರಿಯಾಗಿಯೇ ಇತ್ತು. ಅವಳು ಉಸಿರು ಬಿಟ್ಟದ್ದೂ ಕೇಳಿಸಿತ್ತು.

ಏಪ್ರಿಲ್ 6, ಭಾನುವಾರ

ಪೂರ್ತಿ ಟ್ರಯಲ್ ಮುಗಿಯಿತು. ನಿನ್ನೆ ಬೆಳಿಗ್ಗೆ ಆರಕ್ಕೆ ಬೆಲ್ಟು ಕಟ್ಟಿದೆವು. ಇವತ್ತು ಬೆಳಿಗ್ಗೆ ಬಿಚ್ಚಿದೆವು. ಎಲ್ಲಿಯಾದರೂ ಎಡವುತ್ತಾರೆ ಎಂದು ನಾನು ನಂಬಿದ್ದೆ. ಬೆನ್ನು ನೋವು ಅನ್ನಬಹುದು, ಬೇಸರ ಅನ್ನಬಹುದು, ಮೆಟ್ಟಿಲ ತಿರುವಿನಲ್ಲಿ ಚೀಲ ಮರೆಯಬಹುದು. ಯಾವುದೂ ಆಗಲಿಲ್ಲ. ಹೇಳಿದ ಹೊತ್ತಿಗೆ ತಿಂದರು, ಮಲಗಿದರು, ನಡುಮನೆಯಲ್ಲಿ ಎದ್ದು ನಾಲ್ಕು ಹೆಜ್ಜೆ ಓಡಾಡಿದರು. ಮೊಣಕೈ ಎತ್ತಲಿಲ್ಲ. ಬಚ್ಚಲಿಗೆ ಹೋಗುವಾಗ ನನ್ನ ಕಾಲು ದಾಟಲು ‘ಕ್ಷಮಿಸಿ’ ಎಂದೂ ಹೇಳಿದರು. ನಾನೇ ಎರಡು ಸಲ ನಿದ್ದೆಯಿಂದ ಬೆಚ್ಚಿ ಎದ್ದು, ಎಲ್ಲಿಗೆ ಬಂದೆವು ಎಂದು ಕೇಳಿದೆನಂತೆ. ಇನ್ನೂ ದೂರ ಇದೆ, ಮಲಗು ಎಂದರಂತೆ.

ಬೆಲ್ಟು ಬಿಚ್ಚುವಾಗ, ಎರಡನೆಯ ವಿಮಾನ ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ತಡವಾಗಿ ಇಳಿಯಿತು, ಇನ್ನೊಂದು ಸಲ ನೋಡಬೇಕಾಗುತ್ತದೆ ಎಂದೆ. ಮಾವ ಬೆಲ್ಟುಗಳನ್ನು ಬೇರ್ಪಡಿಸಿ, ಸುತ್ತಿ, ಒಂದರ ಮೇಲೊಂದು ಇಟ್ಟರು. ಬಲಗಿವಿ ನನ್ನ ಕಡೆ ಬರುವ ಹಾಗೆ ತಿರುಗಿ ಕೂತರು.

“ಗಾಡಿ ಸರಿಯಾಗಿದೆ, ದಾರೀನೂ ಸರಿಯಾಗಿದೆ. ಸೀಟಿ ಊದೋಕೆ ನಿನಗೆ ಮನಸ್ಸಿಲ್ಲ, ಅಷ್ಟೇ.”

ಹಾಗೇನಿಲ್ಲ ಎಂದೆ.

“ನಾನು ಹೋಗ್ಬೇಕಪ್ಪ. ಅವಳು ಅಲ್ಲಿ ಒಬ್ಬಳೇ ಇದ್ದಾಳೆ.”

ನಾನೂ, ಎಂದೆ. ಆಮೇಲೆ, ನಾನೂ ಅದನ್ನೇ ಹೇಳುತ್ತಿದ್ದೆ ಎಂದು ವಾಕ್ಯ ಮುಗಿಸಿದೆ.

ಅವರು ಎದ್ದು ಕಿಟಕಿ ತೆರೆದರು. ಹೊರಗೆ ಹಾಲಿನ ಗಾಡಿ ನಿಂತಿತ್ತು. ಅದು ಹೊರಡುವವರೆಗೂ ನೋಡಿದರು. ಅದು ಹೊರಟ ಮೇಲೆ, ಅದನ್ನೇ ನೋಡುತ್ತ ಹೇಳಿದರು:

“ನಿನ್ನನ್ನ ಅವಳು ಒಂದು ಸಲ ಕರೆದಳು. ಇನ್ನೊಂದು ಸಲ ಕರೆಯಲ್ಲ. ನನ್ನ ಮಗಳು, ನನಗೆ ಗೊತ್ತಿಲ್ವಾ. ಬರಲಾ ಅಂತ ನೀನೇ ಕೇಳ್ಬೇಕು.”

ಚಹಾ ಮಾಡಲು ಹೋದೆ. ಹಾಲು ಉಕ್ಕಿತು.

ಏಪ್ರಿಲ್ 7, ಸೋಮವಾರ

ಟಿಕೆಟ್ ತೆಗೆದೆ. ಹದಿನೇಳಕ್ಕೆ. ಕಿಟಕಿ ಪಕ್ಕ ಸಿಗಲಿಲ್ಲ.

ಏಪ್ರಿಲ್ 13, ಭಾನುವಾರ

ಟ್ರಯಲ್ ಇಲ್ಲ. ಬಟ್ಟೆ ತುಂಬಿದೆವು. ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತು ಏನು ಮಾಡುವುದೆಂದು ತೋಚದೆ ಇಬ್ಬರೂ ಕುರ್ಚಿಗಳಲ್ಲಿ ಕೂತೆವು. ಬೆಲ್ಟು ಕಟ್ಟಲಿಲ್ಲ.

ಏಪ್ರಿಲ್ 17, ಗುರುವಾರ

ವಿಮಾನ ನಿಲ್ದಾಣಕ್ಕೆ ಬೇಕಾದ್ದಕ್ಕಿಂತ ಬಹಳ ಮೊದಲೇ ಹೋದೆವು. ಕೌಂಟರಿನ ಹುಡುಗಿಯನ್ನು ಮಾವ ನಡುವಿನ ಊರಿನಲ್ಲಿ ಡ್ರೈವರ್ ಬದಲಾಗುತ್ತಾನೋ ಅವನೇ ಇರುತ್ತಾನೋ ಎಂದು ಕೇಳಿದರು. ಬದಲಾಗುತ್ತಾರೆ ತಾತ ಎಂದಳು. ಒಳ್ಳೆಯದಾಯಿತು, ಅವನೂ ಮನುಷ್ಯನೇ ಎಂದರು. ಕೇಳುವುದು ಕಡಿಮೆ, ಬಲಗಡೆಯಿಂದ ಮಾತಾಡಿಸಬೇಕು ಎಂದು ನಾನು ಅವಳಿಗೆ ಹೇಳಿದೆ. ನಡುವೆ ಕರೆದುಕೊಂಡು ಹೋಗುವವರಿಗೂ ಅದನ್ನು ತಿಳಿಸಬೇಕು ಎಂದೆ. ಬರೆದುಕೊಂಡಿದ್ದೇನೆ ಎಂದಳು. ಊಟಕ್ಕೆ ಚಮಚ ಕೊಟ್ಟರೆ ದೊಡ್ಡದು ಕೊಡಿ ಎಂದೆ. ನನ್ನ ಹಿಂದೆ ಸಾಲು ಬೆಳೆದಿತ್ತು.

ಒಳಗೆ ಹೋಗುವ ಬಾಗಿಲ ಹತ್ತಿರ ಮಾವ ನನ್ನ ಅಂಗಿಯ ಕಾಲರ್ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು. ಹೊರಟ ಮೇಲೆ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಮನೆಗೆ ಬಂದೆ. ಪಕ್ಕದ ಸೀಟು ಖಾಲಿ ಇತ್ತು. ಯಾರೋ ಕೂರಬಹುದೇ ಎಂದರು. ಕೂರಿ ಎಂದೆ.

ಏಪ್ರಿಲ್ 19, ಶನಿವಾರ

ತಲುಪಿದ್ದಾರೆ. ಮೊದಲು ಅವರೇ ಮಾತಾಡಿದರು. ಸೀಟಿನ ಮುಂದೆ ಒಂದು ಗೇಣು ಜಾಗವೂ ಇರಲಿಲ್ಲವಂತೆ, ನಮ್ಮದೇ ಉತ್ತಮವಾಗಿತ್ತಂತೆ. ಪಕ್ಕದಲ್ಲಿ ಕೂತವನು ಇಡೀ ದಾರಿ ಒಂದು ಮಾತಾಡಲಿಲ್ಲವಂತೆ. ಅಧಿಕಾರಿ ಯಾಕೆ ಬಂದಿರಿ ಎಂಬುದು ಬಿಟ್ಟರೆ ಬೇರೇನೂ ಕೇಳಲಿಲ್ಲವಂತೆ. ಅಷ್ಟು ಓದಿದ್ದೆಲ್ಲ ದಂಡ ಎಂದರು. ಊಟ ಆಯಿತೇ ಎಂದು ಕೇಳಿದರು. ಆಯಿತು ಎಂದೆ. ಆಗಿರಲಿಲ್ಲ.

ಆಮೇಲೆ ಅವಳು ಫೋನ್ ತೆಗೆದುಕೊಂಡಳು. ಮೂರು ವರ್ಷ ನಾವು ಅವಳ ಅಪ್ಪನ ವಿಷಯವನ್ನೇ ಮಾತಾಡಿದ್ದೆವು. ಮಾತ್ರೆ, ಕಿವಿ, ಕನ್ನಡಕ. ಈಗ ಅವರು ಅವಳ ಹತ್ತಿರವೇ ಇದ್ದಾರೆ, ನನ್ನಿಂದ ಅವಳಿಗೆ ತಿಳಿಯಬೇಕಾದ್ದು ಏನೂ ಇಲ್ಲ. ಮತ್ತೇನು ಎಂದಳು. ಮತ್ತೇನಿಲ್ಲ ಎಂದೆ. ಇಡಲಿಲ್ಲ. ಅವಳೂ ಇಡಲಿಲ್ಲ. ಆ ಕಡೆ ಯಾವುದೋ ಪಾತ್ರೆಯ ಸದ್ದಾಯಿತು.

ಬರಲಾ ಎಂದೆ.

ಏನಂದ್ರಿ ಎಂದಳು. ಪಾತ್ರೆಯ ಸದ್ದಿಗೆ ಕೇಳಿಸಿರಲಿಲ್ಲ. ಎರಡನೆಯ ಸಲ ಹೇಳುವುದು ಮೊದಲನೆಯ ಸಲಕ್ಕಿಂತ ಕಷ್ಟ. ಹೇಳಿದೆ.

ಲೈನ್ ಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಹೋಗಿರಲಿಲ್ಲ.

“ನಿಮ್ಮ ಹದಿನಾಲ್ಕು ಗಂಟೆ ದಾರಿಗೆ ಮೂರು ವರ್ಷ ತಗೊಂಡ್ರಿ.”

ಹದಿನಾಲ್ಕಲ್ಲ, ಇಪ್ಪತ್ತಮೂರು ಎಂದು ತಿದ್ದಿದೆ.

ಅವಳು ನಕ್ಕಳೋ ಮೂಗು ಒರೆಸಿಕೊಂಡಳೋ, ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತದೆ. ಇಲ್ಲಿ ಇನ್ನೂ ಚಳಿ ಇದೆ, ದಪ್ಪ ಬಟ್ಟೆ ತನ್ನಿ ಎಂದಳು.

ಏಪ್ರಿಲ್ 21, ಸೋಮವಾರ

ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ನನ್ನ ಪಾಸ್‌ಪೋರ್ಟಿನ ಅವಧಿ ಹೋದ ವರ್ಷವೇ ಮುಗಿದಿದೆ. ಅವಧಿ ಮುಗಿದ ದಾಖಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಹೇಗೂ ಯಾವತ್ತಾದರೂ ಮಾಡಿಸಲೇಬೇಕಾದ ಕೆಲಸ.

ಫೋಟೊ ಸ್ಟುಡಿಯೋಗೆ ಹೋದೆ. ಅಲ್ಲಿನವನು ಸ್ಟೂಲಿನ ಮೇಲೆ ಕೂರಿಸಿದ. ಬೆನ್ನು ನೇರ ಮಾಡಿ ಎಂದ. ಮಾಡಿದೆ. ಕನ್ನಡಕ ತೆಗೆಯಿರಿ ಎಂದ. ತೆಗೆದೆ. ಪಾಸ್‌ಪೋರ್ಟ್ ಫೋಟೊದಲ್ಲಿ ನಗಬಾರದು ಸಾರ್ ಎಂದ.

ನಗುತ್ತಿಲ್ಲ ಎಂದೆ.

ಕ್ಯಾಮೆರಾ ತಿರುಗಿಸಿ ತೋರಿಸಿದ.